ಕಂಪೈಲರ್ ಒಪ್ಪಿದ ಕೋಡನ್ನು ಅನಾಲಿಸಿಸ್ ಟೂಲ್ ಒಪ್ಪದಿದ್ದಾಗ: ಯಾವ ದಾರಿ ಯಾರಿಗೆ?

ಐಎಆರ್, ಕೀಲ್ ಎಂಬ ಎಂಬೆಡೆಡ್ ಕಂಪೈಲರ್‌ಗಳಲ್ಲಿ ಒಂದೂ ವಾರ್ನಿಂಗ್ ಇಲ್ಲದೆ ಬಿಲ್ಡ್ ಆಗುವ ಪ್ರಾಜೆಕ್ಟು. ಬೋರ್ಡಿನ ಮೇಲೆ ಚೆನ್ನಾಗಿ ಓಡುತ್ತಲೂ ಇದೆ. ಅದೇ ಫೈಲುಗಳನ್ನು ಸ್ಟ್ಯಾಟಿಕ್ ಅನಾಲಿಸಿಸ್ ಟೂಲ್‌ಗೆ (ಕೋಡನ್ನು ಓಡಿಸದೆ, ಬರೀ ಓದಿ ಬಗ್ ಹುಡುಕುವ ಟೂಲ್) ಕೊಟ್ಟರೆ ಮೊದಲ ಹೆಡರ್‌ನಲ್ಲೇ ಸಿಂಟ್ಯಾಕ್ಸ್ ಎರರ್. ಎಂಬೆಡೆಡ್ ಕೆಲಸದಲ್ಲಿ ಇದು ದಿನಬೆಳಗಾದರೆ ಕಾಣುವ ಗೋಳು.

ಕಾರಣ ಸರಳ. ಟೂಲ್ ನಿಮ್ಮ ಕಂಪೈಲರನ್ನು ಬಳಸುವುದಿಲ್ಲ. ಕೋಡ್ ಓದಲು ಅದಕ್ಕೆ ಬೇರೆಯೇ ಫ್ರಂಟ್-ಎಂಡ್ ಇರುತ್ತದೆ. ಕ್ಲ್ಯಾಂಗ್-ಟೈಡಿಗೆ ಕ್ಲ್ಯಾಂಗ್, ಕವರಿಟಿಗೆ ಹೆಚ್ಚಾಗಿ ಎಡಿಸನ್ ಡಿಸೈನ್ ಗ್ರೂಪ್‌ನ ಫ್ರಂಟ್-ಎಂಡ್, ಸಿಪಿಪಿಚೆಕ್‌ಗೆ ಸ್ವಂತ ಪಾರ್ಸರ್. ಇವಕ್ಕೆಲ್ಲ ಸ್ಟ್ಯಾಂಡರ್ಡ್ ಸಿ ಚೆನ್ನಾಗಿ ಗೊತ್ತು. ಆದರೆ ಎಂಬೆಡೆಡ್ ಕೋಡು ಬರೀ ಸ್ಟ್ಯಾಂಡರ್ಡ್ ಸಿಯಲ್ಲಿ ಇರುವುದಿಲ್ಲವಲ್ಲ. ರಿಜಿಸ್ಟರ್ ಯಾವ ವಿಳಾಸದಲ್ಲಿದೆ, ಯಾವ ಫಂಕ್ಷನ್ ಇಂಟರಪ್ಟ್‌ಗೆ ಸೇರಿದ್ದು, ಯಾವ ವೇರಿಯಬಲ್ ಫ್ಲ್ಯಾಶ್‌ನಲ್ಲಿ ಕೂರಬೇಕು ಎಂದು ಹೇಳಲು ಒಂದೊಂದು ಕಂಪೈಲರ್ ಒಂದೊಂದು ಪದ ಹುಟ್ಟಿಸಿಕೊಂಡಿದೆ.

ಈ ಎರರುಗಳನ್ನು ಓಡಿಸಲು ಹಲವು ದಾರಿಗಳಿವೆ. ಓಡಿಸುವುದೇನೂ ಕಷ್ಟವಲ್ಲ. ಅರ್ಥ ಗೊತ್ತಿಲ್ಲದ ಪದಕ್ಕೆ ಖಾಲಿ ಮ್ಯಾಕ್ರೋ ಬರೆದರೆ ಸಂಜೆಯೊಳಗೆ ಎಲ್ಲ ಮಾಯ. ಆದರೆ ಟೂಲ್ ಈಗ ಓದುತ್ತಿರುವುದು ನೀವು ಚಿಪ್‌ಗೆ ಹಾಕುವ ಪ್ರೋಗ್ರಾಮನ್ನೇ ಅಥವಾ ಅದರಂತೆ ಕಾಣುವ ಬೇರೊಂದನ್ನೇ? ಕೆಳಗಿನ ಪ್ರತಿ ದಾರಿಯನ್ನೂ ನಾನು ಈ ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ. ಎಷ್ಟು ಬೇಗ ಎರರ್ ಹೋಯಿತು ಎನ್ನುವುದು ಆಮೇಲಿನ ಮಾತು.

(ಕೀವರ್ಡುಗಳ ಮುಂದೆ ಬರುವ ಎರಡು ಅಂಡರ್‌ಸ್ಕೋರ್‌ಗಳನ್ನು ಓದಲು ಸಲೀಸಾಗಲಿ ಎಂದು ಇಲ್ಲಿ ಬಿಟ್ಟಿದ್ದೇನೆ.)

ಎರರ್ ಬರದ ಎರರ್

ದಾರಿ ಆರಿಸುವ ಮುಂಚೆ ಎರರ್ ಯಾವ ಜಾತಿಯದು ಎಂದು ನೋಡಿ. ಪದ ಗೊತ್ತಿಲ್ಲದೆ ಬಂದ ಸಿಂಟ್ಯಾಕ್ಸ್ ಎರರ್ ಒಂದು ಜಾತಿ. ಹೆಡರ್ ಫೈಲ್ ಸಿಗದೆ ಬಂದದ್ದು ಇನ್ನೊಂದು. "ಅನ್‌ನೋನ್ ಕಂಪೈಲರ್" ಎಂದು ಹೆಡರೇ ಕೂಗಿ ನಿಲ್ಲಿಸುವುದು ಮೂರನೆಯದು. ಈ ಮೂರೂ ಕಣ್ಣಿಗೆ ಬೀಳುತ್ತವೆ, ಹಾಗಾಗಿ ಅಷ್ಟು ಅಪಾಯದವಲ್ಲ.

ನಾಲ್ಕನೆಯದು ಸದ್ದೇ ಮಾಡುವುದಿಲ್ಲ. ಟೂಲ್ ಕೋಡನ್ನು ಓದುತ್ತದೆ, ಆದರೆ ತಪ್ಪು ಅಳತೆಯಲ್ಲಿ ಓದುತ್ತದೆ. ಎವಿಆರ್, ಎಂಎಸ್‌ಪಿ430, 8051 ಎಂಬ ಚಿಕ್ಕ ಚಿಪ್‌ಗಳಲ್ಲಿ ಇಂಟ್ ಸಾಮಾನ್ಯವಾಗಿ 16 ಬಿಟ್. ನಿಮ್ಮ ಲ್ಯಾಪ್‌ಟಾಪಿನಲ್ಲಿ 32. ಒಂದು 16 ಬಿಟ್ ಅನ್‌ಸೈನ್ಡ್ ವೇರಿಯಬಲ್‌ನಲ್ಲಿ 50000 ಇದೆ, ಇನ್ನೊಂದರಲ್ಲಿ 2 ಇದೆ ಎಂದುಕೊಳ್ಳಿ. ಎರಡನ್ನೂ ಗುಣಿಸಿ 32 ಬಿಟ್ ವೇರಿಯಬಲ್‌ಗೆ ಹಾಕುತ್ತೀರಿ. ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಉತ್ತರ 100000. ಚಿಪ್‌ನ ಲೆಕ್ಕದಲ್ಲಿ ಗುಣಾಕಾರ 16 ಬಿಟ್‌ನಲ್ಲೇ ನಡೆದು 65536 ಉದುರಿಹೋಗಿ 34464 ಉಳಿಯುತ್ತದೆ. ಟೂಲ್‌ಗೆ ಟಾರ್ಗೆಟ್ (ಕೋಡ್ ಓಡುವ ಚಿಪ್) ಯಾವುದೆಂದು ಹೇಳದಿದ್ದರೆ ಈ ಬಗ್ ಅದಕ್ಕೆ ಕಾಣುವುದೇ ಇಲ್ಲ. ರಿಪೋರ್ಟ್ ಮಾತ್ರ ಹಸಿರು.

ಚಾರ್ ಕಥೆಯೂ ಹೀಗೇ. ಆರ್ಮ್ ಚಿಪ್‌ಗಳ ಎಬಿಐನಲ್ಲಿ (ಟೈಪುಗಳ ಅಳತೆ ಮುಂತಾದವನ್ನು ಹೇಳುವ ಒಪ್ಪಂದ) ಬರೀ ಚಾರ್ ಎಂದರೆ ಅನ್‌ಸೈನ್ಡ್. ಎಕ್ಸ್86ರಲ್ಲಿ ಸೈನ್ಡ್. ಚಾರ್ ಸೊನ್ನೆಗಿಂತ ಕಮ್ಮಿಯೇ ಎಂದು ಕೇಳುವ ಒಂದು ಇಫ್, ಆರ್ಮ್ ಮೇಲೆ ಯಾವತ್ತೂ ನಿಜವಾಗುವುದಿಲ್ಲ. ಹೋಸ್ಟ್ ಅಂದರೆ ನಿಮ್ಮ ಪಿಸಿಯ ಅಳತೆಯಲ್ಲಿ ಓದುವ ಟೂಲ್‌ಗೆ ಅದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ಬೇರ್-ಮೆಟಲ್ (ಓಎಸ್ ಇಲ್ಲದೆ ಓಡುವ) ಆರ್ಮ್‌ನಲ್ಲಿ ಈನಮ್‌ಗಳು ಸಾಮಾನ್ಯವಾಗಿ ಸಾಧ್ಯವಾದಷ್ಟು ಚಿಕ್ಕ ಗಾತ್ರಕ್ಕೆ ಕುಗ್ಗುತ್ತವೆ, ಅದೂ ಸ್ಟ್ರಕ್ಟ್‌ಗಳ ಅಳತೆ ಬದಲಿಸುತ್ತದೆ.

ಅದಕ್ಕೇ ನನ್ನ ಪ್ರಕಾರ ಮೊದಲು ಟಾರ್ಗೆಟ್‌ನ ಅಳತೆ ಸರಿಮಾಡಬೇಕು. ಸಿಂಟ್ಯಾಕ್ಸ್ ಎರರ್ ಆಮೇಲೆ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ.

ಮೊದಲ ದಾರಿ: ನಿಮ್ಮ ಕಂಪೈಲರ್ ಯಾವುದೆಂದು ಟೂಲ್‌ಗೇ ಹೇಳುವುದು

ದುಡ್ಡು ಕೊಟ್ಟು ಕೊಂಡ ಟೂಲ್ ನಿಮ್ಮ ಹತ್ತಿರ ಇದ್ದರೆ ಮೊದಲು ಇಲ್ಲೇ ಹುಡುಕಿ. ಪಾಲಿಸ್ಪೇಸ್ ಎಂಬ ಟೂಲ್‌ನಲ್ಲಿ ಕಂಪೈಲರ್ ಆಯ್ಕೆ ಎಂಬುದೊಂದು ಇದೆ. ಐಎಆರ್, ಕೀಲ್, ಟಾಸ್ಕಿಂಗ್, ಡಯಾಬ್, ಗ್ರೀನ್ ಹಿಲ್ಸ್, ಕಾಸ್ಮಿಕ್, ರೆನೆಸಾಸ್, ಟಿಐ, ಮೈಕ್ರೋಚಿಪ್ ಎಲ್ಲ ಆ ಪಟ್ಟಿಯಲ್ಲಿವೆ. ಸರಿಯಾದ ಹೆಸರು ಆರಿಸಿದರೆ ಕೀವರ್ಡುಗಳು, ಟೈಪ್ ಅಳತೆಗಳು, ಮೊದಲೇ ಡಿಫೈನ್ ಆಗಿರುವ ಮ್ಯಾಕ್ರೋಗಳು ಒಟ್ಟಿಗೇ ಬರುತ್ತವೆ. ಪಾಲಿಸ್ಪೇಸ್-ಕಾನ್ಫಿಗರ್ ಎಂಬ ಕಮಾಂಡ್ ನಿಮ್ಮ ಬಿಲ್ಡ್ ನಡೆಯುವುದನ್ನು ನೋಡುತ್ತಾ ಇದನ್ನೆಲ್ಲ ತಾನೇ ಬರೆದುಕೊಳ್ಳುತ್ತದೆ. ಕವರಿಟಿಯಲ್ಲಿ ಇದೇ ಕೆಲಸಕ್ಕೆ ಕವ್-ಕಾನ್ಫಿಗರ್ ಮತ್ತು ಕವ್-ಬಿಲ್ಡ್ ಇವೆ. ಪಿಸಿ-ಲಿಂಟ್ ಪ್ಲಸ್ ಜೊತೆ ಬರುವ ಪೈಥಾನ್ ಸ್ಕ್ರಿಪ್ಟ್ ಒಂದು ನಿಮ್ಮ ಕಂಪೈಲರನ್ನೇ ಓಡಿಸಿ, ಮ್ಯಾಕ್ರೋಗಳನ್ನೂ ಹೆಡರ್ ಜಾಗಗಳನ್ನೂ ಕೇಳಿ, ಕಾನ್ಫಿಗ್ ಫೈಲ್ ಬರೆದುಕೊಡುತ್ತದೆ.

ಈ ದಾರಿಯಲ್ಲಿ ಅರ್ಥ ಕೆಡುವ ಸಾಧ್ಯತೆ ಎಲ್ಲಕ್ಕಿಂತ ಕಮ್ಮಿ. ಆದರೂ ಎರಡು ಕಡೆ ಎಡವುತ್ತಾರೆ. ಒಂದು, ಇನ್‌ಕ್ರಿಮೆಂಟಲ್ ಬಿಲ್ಡ್ ಮೇಲೆ ಕ್ಯಾಪ್ಚರ್ (ಹೀಗೆ ಬಿಲ್ಡ್ ನೋಡಿ ಬರೆದುಕೊಳ್ಳುವ ಕೆಲಸ) ಓಡಿಸುವುದು. ಆಗಲೇ ಬಿಲ್ಡ್ ಆಗಿರುವ ಫೈಲುಗಳು ಮತ್ತೆ ಕಂಪೈಲ್ ಆಗುವುದಿಲ್ಲ, ಹಾಗಾಗಿ ಟೂಲ್ ಕಣ್ಣಿಗೂ ಬೀಳುವುದಿಲ್ಲ. ಕ್ಲೀನ್ ಮಾಡಿಯೇ ಓಡಿಸಬೇಕು. ಎರಡು, ಎಷ್ಟು ಫೈಲ್ ನಿಜವಾಗಿ ಒಳಗೆ ಹೋಯಿತು ಎಂದು ನೋಡದೆ ಮುಂದೆ ಹೋಗುವುದು. ಕವ್-ಬಿಲ್ಡ್ ಕೊನೆಯಲ್ಲಿ ಇಷ್ಟು ಕಂಪೈಲೇಷನ್ ಯೂನಿಟ್, ಇಷ್ಟು ಪರ್ಸೆಂಟ್ ಅನಾಲಿಸಿಸ್‌ಗೆ ಸಿದ್ಧ ಎಂದು ಒಂದು ಸಾಲು ಬರೆಯುತ್ತದೆ. ನೂರಕ್ಕಿಂತ ಕಮ್ಮಿ ಇದ್ದರೆ ಬಿಟ್ಟುಹೋದದ್ದು ಯಾವ ಫೈಲ್ ಎಂದು ನೋಡಿ. ಸಾಮಾನ್ಯವಾಗಿ ಡ್ರೈವರ್ ಫೈಲುಗಳೇ ಆಗಿರುತ್ತವೆ. ಯಾಕೆಂದರೆ ಕಂಪೈಲರ್ ವಿಶೇಷ ಪದಗಳು ಜಾಸ್ತಿ ಇರುವುದು ಅಲ್ಲೇ. ಬಗ್ ಜಾಸ್ತಿ ಇರುವುದೂ ಅಲ್ಲೇ ಅಲ್ವಾ?

ಟೂಲ್‌ನ ಪಟ್ಟಿಯಲ್ಲಿ ನಿಮ್ಮ ಕಂಪೈಲರ್ ಹೆಸರು ಇಲ್ಲದಿದ್ದರೆ ತಕ್ಷಣ ಕೈಚೆಲ್ಲಬೇಡಿ. ಅದು ಯಾವ ಮನೆತನದ್ದು ಎಂದು ನೋಡಿ. ಮೈಕ್ರೋಚಿಪ್‌ನ ಎಕ್ಸ್‌ಸಿ16, ಎಕ್ಸ್‌ಸಿ32 ಎರಡೂ ಜಿಸಿಸಿ ಮೇಲೆ ಕಟ್ಟಿದವು. ಆರ್ಮ್ ಕಂಪೈಲರ್ 6 ಕ್ಲ್ಯಾಂಗ್ ಮೇಲೆ ಕಟ್ಟಿದ್ದು. ಟಿಐ ತನ್ನ ಆರ್ಮ್ ಚಿಪ್‌ಗಳಿಗೆ ಕೊಡುವ ಹೊಸ ಕಂಪೈಲರ್ ಕೂಡ ಕ್ಲ್ಯಾಂಗ್ ಮನೆಯದೇ. ಇಂಥವಕ್ಕೆ ಜಿಸಿಸಿ ಅಥವಾ ಕ್ಲ್ಯಾಂಗ್ ಎಂದು ಆರಿಸಿ, ಮೇಲೆ ಒಂದೆರಡು ಮ್ಯಾಕ್ರೋ ಸೇರಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಆರ್ಮ್ ಕಂಪೈಲರ್ 5 ಹಾಗಲ್ಲ, ಅದರ ಪದಗಳೇ ಬೇರೆ.

ಎರಡನೇ ದಾರಿ: ಕೈಯಾರೆ ಬರೆದ ಸ್ಟಬ್ ಹೆಡರ್

ಹೆಚ್ಚು ಜನ ಹಿಡಿಯುವುದು ಇದನ್ನೇ. ಎಲ್ಲ ಫೈಲಿಗೂ ಮೊದಲು ಸೇರುವ ಒಂದು ಹೆಡರ್ ಮಾಡಿ, ಅದರಲ್ಲಿ ಗೊತ್ತಿಲ್ಲದ ಪದಗಳಿಗೆಲ್ಲ ಮ್ಯಾಕ್ರೋ ಬರೆಯುವುದು. ಬಹುತೇಕ ಎಲ್ಲ ಟೂಲ್‌ಗಳಲ್ಲೂ ಹೀಗೆ ಬಲವಂತವಾಗಿ ಹೆಡರ್ ಸೇರಿಸುವ ಆಯ್ಕೆ ಇದೆ. ಮೂಲ ಕೋಡನ್ನು ಮುಟ್ಟಬೇಕಿಲ್ಲ, ಖರ್ಚಿಲ್ಲ. ಸರಿಯಾಗಿ ಮಾಡಿದರೆ ಇದು ಒಳ್ಳೆಯ ದಾರಿಯೇ. ಆದರೆ ಎಲ್ಲ ಪದಗಳೂ ಒಂದೇ ತರಹ ಅಲ್ಲ.

ಅಳಿಸಿದರೂ ಅರ್ಥ ಕೆಡದ ಪದಗಳಿವೆ. ಐಎಆರ್‌ನ 'ರೂಟ್' ನೋಡಿ. ಬಳಸದಿದ್ದರೂ ಈ ಫಂಕ್ಷನನ್ನು ಲಿಂಕರ್ ತೆಗೆಯಬಾರದು ಎನ್ನುವುದಷ್ಟೇ ಅದರ ಕೆಲಸ. ಅನಾಲಿಸಿಸ್‌ಗೆ ಅದರಿಂದ ಏನೂ ಆಗಬೇಕಿಲ್ಲ. ಖಾಲಿ ಮಾಡಿ.

ಸ್ಟ್ರಕ್ಟ್‌ನ ಫೀಲ್ಡುಗಳ ನಡುವೆ ಖಾಲಿ ಜಾಗ ಬಿಡಬೇಡ ಎನ್ನುವ 'ಪ್ಯಾಕ್ಡ್' ಮಾತ್ರ ಖಾಲಿ ಮಾಡಲೇಬೇಡಿ. 8 ಬಿಟ್‌ನ ಒಂದು ಐಡಿ, 32 ಬಿಟ್‌ನ ಒಂದು ವ್ಯಾಲ್ಯೂ ಇರುವ ಸ್ಟ್ರಕ್ಟ್ ಪ್ಯಾಕ್ ಆದಾಗ 5 ಬೈಟ್. ಪದ ಅಳಿಸಿದ ಮೇಲೆ 8 ಬೈಟ್. 5 ಬೈಟಿನ ಬಫರ್‌ನಿಂದ ಅದಕ್ಕೆ ಕಾಪಿ ಮಾಡುವ ಪ್ರತಿ ಸಾಲಿಗೂ ಟೂಲ್ ಬೊಬ್ಬೆ ಹೊಡೆಯುತ್ತದೆ. ಅದಕ್ಕೆ ಯಾರೋ ಆ ದೂರನ್ನು ಅಡಗಿಸುವ ಸಪ್ರೆಸ್ ಕಾಮೆಂಟ್ ಹಾಕುತ್ತಾರೆ. ಆಮೇಲೆ ಅಲ್ಲಿ ನಿಜವಾದ ಓವರ್‌ರನ್ ಬಂದರೂ ಕಾಣುವುದಿಲ್ಲ. ಟೂಲ್‌ಗೆ ಜಿಸಿಸಿ ಶೈಲಿಯ ಪ್ಯಾಕ್ಡ್ ಆಟ್ರಿಬ್ಯೂಟ್ ಗೊತ್ತಿದ್ದರೆ ಅದಕ್ಕೆ ಮ್ಯಾಪ್ ಮಾಡಿ. ಎರಡೂ ಕಡೆ ಪದ ಕೂರುವ ಜಾಗ ಬೇರೆಬೇರೆ ಇರಬಹುದು, ಗಾತ್ರ ಸರಿ ಬಂತೇ ಎಂದು ಪರೀಕ್ಷಿಸಿಯೇ ಮುಂದೆ ಹೋಗಿ.

ಕೀಲ್ ಸಿ51 ಕೋಡಂತೂ ಈ ದಾರಿಯ ಮಿತಿಗಳನ್ನೆಲ್ಲ ಒಂದೇ ಪುಟದಲ್ಲಿ ತೋರಿಸಿಬಿಡುತ್ತದೆ. 8051ರ ಹೆಡರ್‌ನಲ್ಲಿ 'ಎಸ್‌ಎಫ್‌ಆರ್ ಪಿ1 = ಹೆಕ್ಸ್ 90' ಎಂಬ ಸಾಲು ಇರುತ್ತದೆ. ಪಿ1 ಪೋರ್ಟ್ ಹೆಕ್ಸ್ 90ರ ವಿಳಾಸದಲ್ಲಿದೆ ಎಂದು ಇದರ ಅರ್ಥ. ಎಸ್‌ಎಫ್‌ಆರ್ ಅನ್ನು ಅನ್‌ಸೈನ್ಡ್ ಚಾರ್ ಎಂದು ಡಿಫೈನ್ ಮಾಡಿದರೆ ಎರರ್ ಹೋಗುತ್ತದೆ. ಆದರೆ ಈಗ ಪಿ1 ಒಂದು ಸಾದಾ ವೇರಿಯಬಲ್, ಅದರ ಆರಂಭದ ಬೆಲೆ ಹೆಕ್ಸ್ 90. ವಿಳಾಸ ಹೋಗಿ ಬೆಲೆಯಾಯಿತು! ಹೆಕ್ಸ್ 90ರಲ್ಲಿ ಕೊನೆಯ ಬಿಟ್ ಸೊನ್ನೆ. ಪಿ1ರ ಕೊನೆಯ ಬಿಟ್ ನೋಡಿ ಬಟನ್ ಒತ್ತಿದ್ದಾರೋ ಇಲ್ಲವೋ ತಿಳಿಯುವ ಕೋಡ್ ಇದ್ದರೆ, ಬೆಲೆಗಳನ್ನು ಹಿಂಬಾಲಿಸುವ ಟೂಲ್ ಆ ಇಡೀ ಬ್ರ್ಯಾಂಚನ್ನು ಎಂದೂ ಓಡದ ಕೋಡ್ ಎಂದು ಬರೆಯಬಹುದು. ಅದರ ಒಳಗಿನ ಬಗ್ ಹುಡುಕುವುದನ್ನೂ ಬಿಡಬಹುದು. ಮೇಲಾಗಿ ಈ ಹೆಡರ್ ಎಲ್ಲ ಫೈಲಿಗೂ ಸೇರುವುದರಿಂದ ಒಂದೇ ವೇರಿಯಬಲ್‌ಗೆ ಹತ್ತಾರು ಡೆಫಿನಿಷನ್.

'ಎಸ್‌ಬಿಟ್ ಎಲ್‌ಇಡಿ = ಪಿ1^0' ಇನ್ನೂ ಕಷ್ಟ. ಸಾದಾ ಸಿಯಲ್ಲಿ ^ ಎಂದರೆ ಎಕ್ಸಾರ್. ಗ್ಲೋಬಲ್ ವೇರಿಯಬಲ್‌ನ ಆರಂಭದ ಬೆಲೆ ಕಾನ್ಸ್‌ಟಂಟ್ ಆಗಿರಬೇಕು, ಪಿ1 ಕಾನ್ಸ್‌ಟಂಟ್ ಅಲ್ಲ. ಹಾಗಾಗಿ ಒಂದು ಎರರ್ ಹೋಗಿ ಇನ್ನೊಂದು ಬರುತ್ತದೆ. ಇಂಟರಪ್ಟ್ ಫಂಕ್ಷನ್ ಬರೆಯುವ ರೀತಿಯೂ ಹಾಗೇ. ಆವರಣ ಮುಗಿದ ಮೇಲೆ 'ಇಂಟರಪ್ಟ್ 1 ಯೂಸಿಂಗ್ 2' ಎಂದು ಬರುತ್ತದೆ. ಎರಡೂ ಪದಗಳನ್ನು ಖಾಲಿ ಮಾಡಿದರೆ 1 ಮತ್ತು 2 ಮಾತ್ರ ನಡುವೆ ಉಳಿಯುತ್ತವೆ. ಮ್ಯಾಕ್ರೋಗೆ ತನ್ನ ಪಕ್ಕದ ಸಂಖ್ಯೆಯನ್ನು ನುಂಗುವ ಶಕ್ತಿ ಇಲ್ಲ.

ಇಲ್ಲಿ ಮೂರು ಪರಿಹಾರಗಳಿವೆ. ಕೀಲ್ ಗೊತ್ತಿರುವ ಟೂಲ್ ಬಳಸಿ. ಪಾಲಿಸ್ಪೇಸ್‌ನಲ್ಲಿ ಕೀಲ್ ಆರಿಸಿದರೆ ಎಸ್‌ಎಫ್‌ಆರ್ ಟೈಪುಗಳ ಅಗಲ ಹೇಳಲು ಬೇರೆ ಆಯ್ಕೆಯೇ ಇದೆ. ಇಲ್ಲವೇ ಪಿಸಿ-ಲಿಂಟ್‌ನಲ್ಲಿ ಮುಂದಿನ ಟೋಕನ್ ನುಂಗುವ 'ಗಾಬಲ್' ಎಂಬ ವಿಶೇಷ ಪದವಿದೆ, ಸೆಮಿಕೋಲನ್‌ವರೆಗೆ ಎಲ್ಲ ಬಿಡುವ ಇನ್ನೊಂದಿದೆ. ಇಂಥ ಹಳೇ ಕೋಡ್‌ಗೆಂದೇ ಮಾಡಿದ್ದು ಅವು. ಅದೂ ಇಲ್ಲದಿದ್ದರೆ ಚಿಪ್ ಹೆಡರ್‌ಗೆ ಅನಾಲಿಸಿಸ್‌ಗಾಗಿಯೇ ಒಂದು ಬದಲಿ ಪ್ರತಿ ಬರೆದು, ಇನ್‌ಕ್ಲೂಡ್ ಪಾತ್‌ನಲ್ಲಿ ಮೊದಲು ಸಿಗುವಂತೆ ಇಡಿ. ಅದರಲ್ಲಿ ಪಿ1 ಮತ್ತು ಬಿಟ್‌ಗಳೆಲ್ಲ ಎಕ್ಸ್‌ಟರ್ನ್ ವೊಲಟೈಲ್ ಆಗಿರಲಿ. ಬೆಲೆ ಯಾವಾಗ ಬೇಕಾದರೂ ಬದಲಾಗಬಹುದು ಎಂದು ಟೂಲ್‌ಗೆ ತಿಳಿದರೆ ಸಾಕು. ವೊಲಟೈಲ್ ಪದವನ್ನು ಮಾತ್ರ ಎಲ್ಲೂ ಬಿಡಬೇಡಿ. ಐಎಆರ್‌ನ @ ಗುರುತಿಗೂ ಇದೇ ಮದ್ದು. @ ಅನ್ನು ಮ್ಯಾಕ್ರೋ ಹೆಸರಾಗಿ ಬಳಸಲು ಸಿ ಬಿಡುವುದಿಲ್ಲ, ಆದ್ದರಿಂದ ಸ್ಟಬ್ ಹೆಡರ್‌ನಿಂದ ಅದನ್ನು ಅಳಿಸುವುದು ಆಗದ ಮಾತು.

ಇಂಟರಪ್ಟ್ ಪದ ಅಳಿಸಿದರೆ ಇನ್ನೊಂದು ನಷ್ಟ ಇದೆ. ಆ ಫಂಕ್ಷನ್ ಮೇನ್ ಲೂಪ್ ಮಧ್ಯೆ ಯಾವಾಗ ಬೇಕಾದರೂ ನುಗ್ಗಬಹುದು ಎಂಬ ಮಾಹಿತಿಯೇ ಹೋಗುತ್ತದೆ. ಡೇಟಾ ರೇಸ್ ಹುಡುಕುವ ಚೆಕ್‌ಗಳು ಕುರುಡಾಗುತ್ತವೆ. ಸಿಪಿಪಿಚೆಕ್‌ನಲ್ಲಿ ಬಳಸದ ಫಂಕ್ಷನ್ ಹುಡುಕುವ ಚೆಕ್ ಹಾಕಿದ್ದರೆ ಅದು ಎಲ್ಲ ಐಎಸ್‌ಆರ್‌ಗಳನ್ನೂ (ಇಂಟರಪ್ಟ್ ಫಂಕ್ಷನ್‌ಗಳನ್ನೂ) ಯಾರೂ ಕರೆಯುತ್ತಿಲ್ಲ ಎಂದು ಪಟ್ಟಿ ಮಾಡುತ್ತದೆ. ಐಎಸ್‌ಆರ್‌ಗಳ ಹೆಸರನ್ನು ಟೂಲ್‌ಗೆ ಬೇರೆಯಾಗಿ ಹೇಳುವ ಆಯ್ಕೆ ಇದೆಯೇ ನೋಡಿ. ಪಾಲಿಸ್ಪೇಸ್‌ನಲ್ಲಿ ಇದೆ.

ಇನ್‌ಲೈನ್ ಅಸೆಂಬ್ಲಿಯನ್ನು ಅಳಿಸಿದರೆ ಅದರಿಂದ ಬೆಲೆ ಪಡೆಯುತ್ತಿದ್ದ ವೇರಿಯಬಲ್ ಖಾಲಿ ಉಳಿಯುತ್ತದೆ. ಇನಿಷಿಯಲೈಸ್ ಆಗದ ವೇರಿಯಬಲ್ ಎಂಬ ಸುಳ್ಳು ದೂರುಗಳ ಸಾಲೇ ಬರುತ್ತದೆ. ಅಸೆಂಬ್ಲಿ ಇರುವ ಭಾಗವನ್ನು ಒಂದು ಚಿಕ್ಕ ಫಂಕ್ಷನ್ ಒಳಗೆ ಹಾಕಿ, ಅನಾಲಿಸಿಸ್‌ಗೆ ಅದರ ಪ್ರೋಟೋಟೈಪ್ ಮಾತ್ರ ತೋರಿಸಿ. ಏನು ಬೆಲೆ ಬರುತ್ತದೋ ಗೊತ್ತಿಲ್ಲ ಎಂದುಕೊಂಡು ಟೂಲ್ ಮುಂದೆ ಹೋಗುತ್ತದೆ. ಸುರಕ್ಷಿತ ಸಿ ಬರೆಯುವ ನಿಯಮಗಳ ಸಂಗ್ರಹವಾದ ಮಿಸ್ರಾ ಸಿ 2012ರ ಡೈರೆಕ್ಟಿವ್ 4.3 ಕೂಡ ಅಸೆಂಬ್ಲಿಯನ್ನು ಪ್ರತ್ಯೇಕವಾಗಿ ಸುತ್ತಿಡಿ ಎಂದೇ ಹೇಳುತ್ತದೆ.

ಸ್ಟಬ್ ಹೆಡರ್‌ನಿಂದ ಮುಟ್ಟಲೂ ಆಗದ ಸಂಗತಿ ಎಂದರೆ ಟಿಐನ ಸಿ28ಎಕ್ಸ್ ಕೋರ್ ಇರುವ ಸಿ2000 ಚಿಪ್. ಅಲ್ಲಿ ಚಾರ್ ಅಂದರೆ 16 ಬಿಟ್. ಇಂಟ್ ಕೂಡ 16 ಬಿಟ್, ಹಾಗಾಗಿ ಸೈಜ್‌ಆಫ್ ಇಂಟ್ ಎಂದು ಕೇಳಿದರೆ ಉತ್ತರ 1. ಎಷ್ಟು ಮ್ಯಾಕ್ರೋ ಬರೆದರೂ 8 ಬಿಟ್ ಬೈಟ್ ನಂಬಿದ ಫ್ರಂಟ್-ಎಂಡ್‌ಗೆ ಇದನ್ನು ಕಲಿಸಲಾಗದು. ಟಾರ್ಗೆಟ್ ಅಳತೆಯನ್ನೇ ಹೇಳಲು ಬಿಡುವ ಟೂಲ್ ಬೇಕು. ಸಿಪಿಪಿಚೆಕ್‌ನ ಪ್ಲಾಟ್‌ಫಾರ್ಮ್ ಎಕ್ಸ್‌ಎಂಎಲ್‌ನಲ್ಲಿ ಚಾರ್‌ಗೆ ಎಷ್ಟು ಬಿಟ್ ಎಂದು ಬರೆಯುವ ಜಾಗ ಇದೆ.

ಜಿಸಿಸಿ ವೇಷ ಹಾಕಿಸುವ ಚಾಳಿ

ಇದನ್ನು ಬೇರೆಯಾಗಿಯೇ ಹೇಳಬೇಕು, ಅಷ್ಟು ಕಡೆ ಕಾಣುತ್ತದೆ. ಆರ್ಮ್‌ನ ಕಾರ್ಟೆಕ್ಸ್-ಎಂ ಪ್ರಾಜೆಕ್ಟ್‌ಗಳಲ್ಲಿ ಸಿಎಂಎಸ್‌ಐಎಸ್‌ನ (ಆರ್ಮ್ ಕೊಡುವ ಹೆಡರ್‌ಗಳ ಕಟ್ಟು) ಕಂಪೈಲರ್ ಹೆಡರ್ ಒಂದಿದೆ. ಯಾವ ಕಂಪೈಲರ್ ಎಂಬುದನ್ನು ಮ್ಯಾಕ್ರೋಗಳಿಂದ ಪತ್ತೆಮಾಡಿ ಅದಕ್ಕೆ ತಕ್ಕ ಹೆಡರ್ ಸೇರಿಸುತ್ತದೆ. ಯಾವುದೂ ಹೊಂದದಿದ್ದರೆ "ಅನ್‌ನೋನ್ ಕಂಪೈಲರ್" ಎಂದು ನಿಲ್ಲಿಸುತ್ತದೆ. ಟೂಲ್ ಅಲ್ಲಿ ಸಿಕ್ಕಿಕೊಂಡ ಕೂಡಲೇ ಕೈ ಹೋಗುವುದು ಜಿಸಿಸಿಯ ಗುರುತಾದ ಜಿಎನ್‌ಯುಸಿ ಎಂಬ ಮ್ಯಾಕ್ರೋ ಡಿಫೈನ್ ಮಾಡಲು. ಎರರ್ ಹೋಗುತ್ತದೆ, ನಿಜ.

ನಿಮ್ಮ ಕೋಡ್ ಜಿಸಿಸಿಯಲ್ಲೇ ಬಿಲ್ಡ್ ಆಗುವುದಾದರೆ ತೊಂದರೆ ಇಲ್ಲ. ಐಎಆರ್‌ನಲ್ಲಿ ಬಿಲ್ಡ್ ಆಗುವ ಕೋಡ್‌ಗೆ ಹೀಗೆ ಮಾಡಿದರೆ, ಐಎಆರ್‌ನ ಗುರುತಾದ ಐಸಿಸಿಆರ್ಮ್ ಮ್ಯಾಕ್ರೋ ಹಿಂದೆ ಇರುವ ನಿಮ್ಮ ಎಲ್ಲ ಸಾಲುಗಳೂ ಮರೆಯಾಗುತ್ತವೆ. ಜಿಸಿಸಿಗೆ ಬರೆದಿಟ್ಟ, ಯಾರೂ ಬಿಲ್ಡ್ ಮಾಡದ ಸಾಲುಗಳು ಮುಂದೆ ಬರುತ್ತವೆ. ರಿಪೋರ್ಟ್ ಬರುವುದು ಗ್ರಾಹಕರ ಕೈಗೆ ಹೋಗದ ಕೋಡ್ ಬಗ್ಗೆ! ಹಾಗೆಂದು ಎರಡೂ ಮ್ಯಾಕ್ರೋ ಡಿಫೈನ್ ಮಾಡಿದರೂ ಆಗುವುದಿಲ್ಲ. ಆ ಹೆಡರ್‌ನಲ್ಲಿ ಜಿಎನ್‌ಯುಸಿ ಪರೀಕ್ಷೆ ಐಎಆರ್ ಪರೀಕ್ಷೆಗಿಂತ ಮುಂಚೆ ಬರುತ್ತದೆ, ಆದ್ದರಿಂದ ಅದೇ ಗೆಲ್ಲುತ್ತದೆ. ಕ್ಲ್ಯಾಂಗ್ ಮೇಲೆ ಕಟ್ಟಿದ ಟೂಲ್‌ಗಳು ಸಾಮಾನ್ಯವಾಗಿ ಜಿಎನ್‌ಯುಸಿಯನ್ನು ತಾವೇ ಡಿಫೈನ್ ಮಾಡಿಕೊಂಡಿರುತ್ತವೆ. ಅದನ್ನು ಅನ್‌ಡಿಫೈನ್ ಮಾಡಿ, ನಿಮ್ಮ ಕಂಪೈಲರ್‌ನ ನಿಜವಾದ ಮ್ಯಾಕ್ರೋಗಳನ್ನು ಕೊಡಬೇಕು.

ಆ ಮ್ಯಾಕ್ರೋಗಳನ್ನು ಊಹಿಸಬೇಡಿ, ಕಂಪೈಲರನ್ನೇ ಕೇಳಿ. ಜಿಸಿಸಿಗೆ '-ಡಿಎಂ -ಇ' ಕೊಟ್ಟರೆ ಪೂರ್ತಿ ಪಟ್ಟಿ ಸಿಗುತ್ತದೆ. ಡಿ ಸಣ್ಣದು, ಎಂ ಮತ್ತು ಇ ದೊಡ್ಡವು. ಐಎಆರ್‌ನಲ್ಲಿ ಪ್ರಿಡೆಫ್-ಮ್ಯಾಕ್ರೋಸ್, ಆರ್ಮ್ ಕಂಪೈಲರ್ 5ರಲ್ಲಿ ಲಿಸ್ಟ್-ಮ್ಯಾಕ್ರೋಸ್, ಟಿಐನಲ್ಲಿ ಪ್ರಿಪ್ರಾಕ್-ಮ್ಯಾಕ್ರೋಸ್ ಎಂಬ ಆಯ್ಕೆಗಳಿವೆ. ಬಿಲ್ಡ್‌ಗೆ ಕೊಡುವ ಫ್ಲ್ಯಾಗ್‌ಗಳನ್ನೇ ಕೊಟ್ಟು ಕೇಳಬೇಕು. ಸಿಪಿಯು ಫ್ಲ್ಯಾಗ್ ಬದಲಾದರೆ ಪಟ್ಟಿಯೂ ಬದಲಾಗುತ್ತದೆ.

ಮೂರನೇ ದಾರಿ: ಕ್ಲ್ಯಾಂಗ್‌ನಲ್ಲಿ ಇನ್ನೊಂದು ಬಿಲ್ಡ್

ಆರ್ಮ್ ಜಿಸಿಸಿ ಬಳಸುವವರಿಗೆ ಕ್ಲ್ಯಾಂಗ್-ಟೈಡಿ ಮತ್ತು ಕ್ಲ್ಯಾಂಗ್ ಸ್ಟ್ಯಾಟಿಕ್ ಅನಲೈಸರ್ ಪುಕ್ಕಟೆ ಸಿಗುವ ಒಳ್ಳೆಯ ಟೂಲ್‌ಗಳು. ಸಿಮೇಕ್ ಬಳಸುತ್ತಿದ್ದರೆ ಪ್ರತಿ ಫೈಲಿನ ಕಂಪೈಲ್ ಕಮಾಂಡ್ ಬರೆದಿಡುವ ಕಂಪೈಲ್ ಕಮಾಂಡ್ಸ್ ಜೇಸನ್ ಫೈಲನ್ನು ಅದೇ ಕೊಡುತ್ತದೆ, ಆದರೆ ಮೇಕ್‌ಫೈಲ್ ಮತ್ತು ನಿಂಜಾ ಜನರೇಟರ್‌ಗಳಲ್ಲಿ ಮಾತ್ರ. ಬರೀ ಮೇಕ್ ಇದ್ದರೆ ಬೇರ್ ಎಂಬ ಟೂಲ್ ಸಾಕು.

ಇಲ್ಲಿ ಬರುವ ಎರರ್‌ಗಳು ಮುಖ್ಯವಾಗಿ ಎರಡು ತರಹ. ಜಿಸಿಸಿಗೆ ಮಾತ್ರ ಗೊತ್ತಿರುವ ಫ್ಲ್ಯಾಗ್‌ಗಳು ಒಂದು. ಸ್ಟ್ರಿಕ್ಟ್-ವೊಲಟೈಲ್-ಬಿಟ್‌ಫೀಲ್ಡ್ಸ್ ಎಂಬ ಫ್ಲ್ಯಾಗ್ ಕ್ಲ್ಯಾಂಗ್‌ಗೆ ಅರ್ಥವಾಗುವುದಿಲ್ಲ. ಜೇಸನ್ ಫೈಲಿನಿಂದ ಸ್ಕ್ರಿಪ್ಟ್ ಬರೆದು ತೆಗೆಯಿರಿ. ಇನ್ನೊಂದು, ಹೆಡರ್ ಸಿಗದಿರುವುದು. ನ್ಯೂಲಿಬ್ ಎಂಬ ಸಿ ಲೈಬ್ರರಿ ಎಲ್ಲಿದೆ ಎಂದು ಜಿಸಿಸಿಗೆ ತಾನಾಗಿಯೇ ಗೊತ್ತು, ಕ್ಲ್ಯಾಂಗ್‌ಗೆ ಗೊತ್ತಿಲ್ಲ. ಲಿನಕ್ಸ್‌ನಲ್ಲಿ "ಸ್ಟಬ್ಸ್-32 ಹೆಡರ್ ಸಿಗುತ್ತಿಲ್ಲ" ಎಂಬ ವಿಚಿತ್ರ ಎರರ್ ಬಂದರೆ ಅರ್ಥ ಮಾಡಿಕೊಳ್ಳಿ, ಕ್ಲ್ಯಾಂಗ್ ನಿಮ್ಮ ಪಿಸಿಯದೇ ಹೆಡರ್‌ಗಳ ಒಳಗೆ ಹೊಕ್ಕಿದೆ. ಆ ಹೆಡರ್ ಪ್ಯಾಕೇಜನ್ನು ಪಿಸಿಗೆ ಇನ್‌ಸ್ಟಾಲ್ ಮಾಡಿ ಎರರ್ ಓಡಿಸುವವರಿದ್ದಾರೆ. ಸುಮ್ನೆ ಹಾಗೆ ಮಾಡಬೇಡಿ, ಅದು ತಪ್ಪು ಮನೆಯೊಳಗೆ ಇನ್ನೂ ಆಳಕ್ಕೆ ಹೋದಂತೆ. ಟಾರ್ಗೆಟ್ ಫ್ಲ್ಯಾಗ್ ಕೊಡಿ. ಆರ್ಮ್ ಜಿಸಿಸಿಯನ್ನು '-ಇ -ವಿ' ಹಾಕಿ ಓಡಿಸಿ, ಅದು ತೋರಿಸುವ ಹೆಡರ್ ಜಾಗಗಳನ್ನು ಸಿಸ್ಟಮ್ ಇನ್‌ಕ್ಲೂಡ್ ಆಗಿ ಸೇರಿಸಿ.

ಈ ದಾರಿ ಆರ್ಮ್, ಎವಿಆರ್, ಎಂಎಸ್‌ಪಿ430, ರಿಸ್ಕ್-5 ಇವುಗಳಿಗೆ ಆಗುತ್ತದೆ. ಮೂಲ ಕ್ಲ್ಯಾಂಗ್‌ನಲ್ಲಿ 8051 ಇಲ್ಲ, ಸಿ2000 ಇಲ್ಲ. ಅವಕ್ಕೆ ಈ ದಾರಿಯ ಆಸೆ ಬಿಡಿ.

ಸಿಪಿಪಿಚೆಕ್ ಪೂರ್ತಿ ಬಿಲ್ಡ್ ಕೇಳುವುದಿಲ್ಲ. ಹೆಡರ್ ಸಿಗದಿದ್ದರೂ ಗೊಣಗದೆ ಮುಂದೆ ಹೋಗುತ್ತದೆ. ಈ ಸಹನೆ ಹೊಸಬರಿಗೆ ಇಷ್ಟವಾಗುತ್ತದೆ, ಆದರೆ ಹೆಡರ್ ಇಲ್ಲದೆ ಅದಕ್ಕೆ ಟೈಪುಗಳು ಗೊತ್ತಾಗುವುದಿಲ್ಲ, ಗೊತ್ತಿಲ್ಲದ್ದರ ಬಗ್ಗೆ ಅದು ಸುಮ್ಮನಿರುತ್ತದೆ. ಪ್ಲಾಟ್‌ಫಾರ್ಮ್ ಹೇಳದಿದ್ದರೆ ನಿಮ್ಮ ಪಿಸಿಯ ಅಳತೆಯನ್ನೇ ಹಿಡಿಯುತ್ತದೆ. ಎವಿಆರ್8, ಪಿಐಸಿ8 ಮುಂತಾದವು ಜೊತೆಗೇ ಬರುತ್ತವೆ, ಬೇರೆಯದಕ್ಕೆ ಎಕ್ಸ್‌ಎಂಎಲ್ ಬರೆಯಬಹುದು. ಚೆಕ್-ಕಾನ್ಫಿಗ್ ಆಯ್ಕೆ ಹಾಕಿ ಒಮ್ಮೆ ಓಡಿಸಿದರೆ ಯಾವ ಹೆಡರ್ ಸಿಕ್ಕಿಲ್ಲ ಎಂದು ತಿಳಿಯುತ್ತದೆ.

ನಾಲ್ಕನೇ ದಾರಿ: ಕಂಪೈಲರ್ ಜೊತೆಗೇ ಬರುವ ಅನಲೈಸರ್

ಜಗಳದ ಬೇರನ್ನೇ ಕೀಳುವ ದಾರಿ ಇದು. ಐಎಆರ್‌ನ ಸಿ-ಸ್ಟ್ಯಾಟ್ ಆ ಕಂಪೈಲರ್ ಜೊತೆಗೇ ಕೆಲಸ ಮಾಡುವುದರಿಂದ @ ಗುರುತು ಅದಕ್ಕೆ ಮಾತೃಭಾಷೆ. ಜಿಸಿಸಿ 10ರಿಂದ, ಅಂದರೆ 2020ರಿಂದ, ಜಿಸಿಸಿಯಲ್ಲೇ ಎಫ್-ಅನಲೈಸರ್ ಫ್ಲ್ಯಾಗ್ ಇದೆ. ಕಂಪೈಲರ್ ಓದಿದ್ದನ್ನೇ ಅದೂ ಓದುತ್ತದೆ. ಹೊಂದಾಣಿಕೆ ಎರರ್ ಪ್ರಶ್ನೆಯೇ ಬರುವುದಿಲ್ಲ.

ಕೊರತೆ ಬೇರೆ ಕಡೆ. ಜಿಸಿಸಿಯದು ಮುಖ್ಯವಾಗಿ ಸಿ ಭಾಷೆಗೆ, ಮಿಸ್ರಾ ಅದರಲ್ಲಿ ಇಲ್ಲ. ಸಿ-ಸ್ಟ್ಯಾಟ್‌ನಲ್ಲಿ ಮಿಸ್ರಾ ಇದೆ, ಆದರೆ ನಾಳೆ ಕಂಪೈಲರ್ ಬದಲಿಸಿದರೆ ಅದೂ ಹೋಗುತ್ತದೆ. ಗ್ರಾಹಕರು ಇಂಥದೇ ಟೂಲ್‌ನ ರಿಪೋರ್ಟ್ ಬೇಕು ಎಂದು ಕರಾರಿನಲ್ಲಿ ಬರೆದಿದ್ದರಂತೂ ಈ ದಾರಿ ಮುಚ್ಚಿದಂತೆಯೇ. ಆದರೂ ಚಿಕ್ಕ ತಂಡಕ್ಕೆ, ಇವತ್ತೇ ಶುರು ಮಾಡಬೇಕು ಎನ್ನುವವರಿಗೆ, ನಾನು ಮೊದಲು ಹೇಳುವುದು ಇದನ್ನೇ.

ಐದನೇ ದಾರಿ: ಪ್ರಿಪ್ರಾಸೆಸ್ ಮಾಡಿದ ಫೈಲ್ ಕೊಡುವುದು

ನಿಜವಾದ ಕಂಪೈಲರ್‌ನಿಂದ ಪ್ರಿಪ್ರಾಸೆಸ್ ಮಾಡಿಸಿ, ಬಂದ ಫೈಲನ್ನು ಟೂಲ್‌ಗೆ ಕೊಡಬಹುದು. ಹೆಡರ್ ಎರರ್‌ಗಳೂ ತಪ್ಪು ಮ್ಯಾಕ್ರೋಗಳೂ ಒಂದೇ ಏಟಿಗೆ ಹೋಗುತ್ತವೆ. ಆದರೆ ಕಂಪೈಲರ್ ಕೀವರ್ಡುಗಳು ಹಾಗೇ ಉಳಿಯುತ್ತವೆ, ಅವು ಮ್ಯಾಕ್ರೋ ಅಲ್ಲವಲ್ಲ. ಕಾಮೆಂಟ್‌ಗಳು ಹೋಗುವುದರಿಂದ ನೀವು ಹಾಕಿದ್ದ ಸಪ್ರೆಸ್ ಕಾಮೆಂಟ್‌ಗಳೂ ಹೋಗುತ್ತವೆ. ಮ್ಯಾಕ್ರೋ ಬಗ್ಗೆ ಇರುವ ಮಿಸ್ರಾ ನಿಯಮಗಳಿಗೆ ನೋಡಲು ಏನೂ ಉಳಿಯುವುದಿಲ್ಲ. ಎರರ್ ಎಲ್ಲಿಂದ ಬರುತ್ತಿದೆ ಎಂದು ಪತ್ತೆಮಾಡಲು ಒಳ್ಳೆಯ ಉಪಾಯ. ದಿನಾ ಓಡಿಸುವ ವ್ಯವಸ್ಥೆಗೆ ಬೇಡ.

ಆರನೇ ದಾರಿ: ಕೋಡನ್ನೇ ತಿದ್ದುವುದು

ಟೂಲ್ ಸಲುವಾಗಿ ಕೋಡ್ ಮುಟ್ಟಬೇಕೇ ಎಂದು ಅನೇಕರು ಮುಖ ಸಿಂಡರಿಸುತ್ತಾರೆ. ಹಳೇ, ಪ್ರಮಾಣಪತ್ರ ಪಡೆದ ಕೋಡ್ ಆದರೆ ಅವರು ಹೇಳುವುದು ಸರಿ. ಒಂದು ಸಾಲು ಬದಲಿಸಿದರೂ ಮತ್ತೆ ಪರೀಕ್ಷೆ, ಮತ್ತೆ ರಿವ್ಯೂ. ಹೊಸ ಕೋಡ್ ಆದರೆ ನಾನು ಒಪ್ಪುವುದಿಲ್ಲ. ಕಂಪೈಲರ್ ವಿಶೇಷ ಪದಗಳನ್ನೆಲ್ಲ ಒಂದೇ ಹೆಡರ್‌ಗೆ ತಂದರೆ ಟೂಲ್‌ಗೂ ಸುಲಭ, ಮುಂದೆ ಕಂಪೈಲರ್ ಬದಲಿಸಲೂ ಸುಲಭ. ಆರ್ಮ್ ಕಂಪೈಲರ್ 5ರಿಂದ 6ಕ್ಕೆ ಹೋದವರಿಗೆ ಇದರ ಬೆಲೆ ಗೊತ್ತು.

ಇದೇನೂ ಹೊಸ ಯೋಚನೆಯಲ್ಲ. ಬೆಂಗಳೂರಿನ ಕಾರು ಸಾಫ್ಟ್‌ವೇರ್ ತಂಡಗಳಲ್ಲಿ ದಿನಾ ಕಾಣುವ ಆಟೋಸಾರ್ ಎಂಬ ಮಾನದಂಡದಲ್ಲಿ ಕಂಪೈಲರ್ ಹೆಡರ್ ಎಂಬುದು ಬೇರೆಯೇ ಇದೆ. ಫಂಕ್ಷನ್, ಪಾಯಿಂಟರ್ ಎಲ್ಲವನ್ನೂ ಫಂಕ್, ಪಿ2ವಾರ್ ಮುಂತಾದ ಮ್ಯಾಕ್ರೋಗಳಲ್ಲಿ ಬರೆಯುತ್ತಾರೆ. ಓದಲು ಹಿಂಸೆ, ಅದನ್ನು ಮುಚ್ಚಿಡುವುದೇನೂ ಇಲ್ಲ. ಫ್ರೀಆರ್‌ಟಿಒಎಸ್ ಎಂಬ ಚಿಕ್ಕ ಓಎಸ್‌ನವರು ಮಾಡಿರುವುದು ನನಗೆ ಇನ್ನೂ ಇಷ್ಟ. ಕಂಪೈಲರ್‌ಗೊಂದು, ಚಿಪ್‌ಗೊಂದು ಫೋಲ್ಡರ್ ಮಾಡಿ ಪೋರ್ಟ್ ಮ್ಯಾಕ್ರೋ ಹೆಡರನ್ನು ಅಲ್ಲಿಟ್ಟಿದ್ದಾರೆ, ಉಳಿದ ಕೋಡ್ ಸ್ವಚ್ಛ. ನೀವೂ 'ಅನಾಲಿಸಿಸ್' ಎಂಬ ಇನ್ನೊಂದು ಫೋಲ್ಡರ್ ಸೇರಿಸಿಕೊಂಡರಾಯಿತು.

ಮಾಡಬಾರದ್ದು ಒಂದಿದೆ. ಅನಾಲಿಸಿಸ್ ಎಂಬ ಮ್ಯಾಕ್ರೋ ಮಾಡಿ, ಕೋಡ್ ತುಂಬ ಇಫ್‌ಡೆಫ್ ಹಾಕಿ, ಟೂಲ್‌ಗೆ ಕಷ್ಟವಾದ ಸಾಲುಗಳನ್ನೆಲ್ಲ ಅಡಗಿಸುವುದು. ಒಂದು ವರ್ಷ ಕಳೆದರೆ ಏನೇನು ಅಡಗಿದೆ ಎಂದು ಯಾರಿಗೂ ನೆನಪಿರುವುದಿಲ್ಲ. ಅದಕ್ಕಿಂತ ಆ ಫೈಲನ್ನೇ ಪೂರ್ತಿ ಹೊರಗಿಟ್ಟು, ಹೊರಗಿಟ್ಟ ಪಟ್ಟಿಯಲ್ಲಿ ಕಾರಣ ಬರೆದು, ಅದಕ್ಕೆ ಕೈಯಿಂದ ರಿವ್ಯೂ ಮಾಡಿಸುವುದು ಪ್ರಾಮಾಣಿಕ. ಸ್ಟಾರ್ಟಪ್ ಕೋಡ್, ಚಿಪ್ ತಯಾರಕರು ಕೊಟ್ಟ ಬೂಟ್ ಫೈಲ್ ಇಂಥವಕ್ಕೆ ಹೀಗೆ ಮಾಡಬಹುದು.

ಹಾಗಾದರೆ ನೀವು ಯಾವುದು ಹಿಡಿಯಬೇಕು?

ಆರ್ಮ್ ಜಿಸಿಸಿ, ಚಿಕ್ಕ ತಂಡ, ಬಜೆಟ್ ಇಲ್ಲ: ಎಫ್-ಅನಲೈಸರ್ ಇವತ್ತೇ ಹಾಕಿ, ಮುಂದಿನ ವಾರ ಟಾರ್ಗೆಟ್ ಫ್ಲ್ಯಾಗ್ ಜೊತೆ ಕ್ಲ್ಯಾಂಗ್-ಟೈಡಿ. ಐಎಆರ್ ಇದ್ದು ಮಿಸ್ರಾ ಮಾತ್ರ ಬೇಕಿದ್ದರೆ ಸಿ-ಸ್ಟ್ಯಾಟ್ ಬೆಲೆ ಕೇಳಿ ನೋಡಿ. ಬೇರೆ ಟೂಲ್‌ಗೆ ಸ್ಟಬ್ ಬರೆಯುತ್ತಾ ಕೂರುವ ಸಂಬಳವನ್ನೂ ಲೆಕ್ಕಕ್ಕೆ ಸೇರಿಸಿ. ಐಎಸ್‌ಒ 26262 (ಕಾರು ಸುರಕ್ಷತೆಯ ಮಾನದಂಡ) ಕೆಲಸ, ಟಾಸ್ಕಿಂಗ್ ಅಥವಾ ಗ್ರೀನ್ ಹಿಲ್ಸ್ ಕಂಪೈಲರ್: ಪಟ್ಟಿಯಲ್ಲಿ ಆ ಹೆಸರಿರುವ ಟೂಲನ್ನೇ ಕೊಳ್ಳಿ. ಕೊಳ್ಳುವ ಮುಂಚೆ ಡೆಮೋ ಕೋಡ್ ಬೇಡ, ನಿಮ್ಮದೇ ಅತಿ ಕೊಳಕು ಡ್ರೈವರ್ ಫೈಲ್ ಕೊಟ್ಟು ಓಡಿಸಿ ತೋರಿಸಿ ಎನ್ನಿ. ಹಳೇ 8051 ಕೋಡ್ ಇದ್ದರೆ ಪಿಸಿ-ಲಿಂಟ್ ತರಹದ ಟೂಲ್, ಅಥವಾ ಬದಲಿ ಚಿಪ್ ಹೆಡರ್ ಜೊತೆ ಸಿಪಿಪಿಚೆಕ್. ಸಿ2000ಕ್ಕೆ 16 ಬಿಟ್ ಚಾರ್ ಗೊತ್ತಿರುವ ಟೂಲ್ ಬಿಟ್ಟರೆ ಬೇರೆ ಏನೂ ಬೇಡ.

ಸರಿಯಾಯಿತೇ ಎಂದು ತಿಳಿಯುವುದು ಹೇಗೆ

ಎರರ್ ಸೊನ್ನೆ ಆಯಿತು ಎಂದರೆ ಸಾಲದು. ಪ್ರಾಜೆಕ್ಟ್‌ಗೆ ಒಂದು ಚಿಕ್ಕ ಸಿ ಫೈಲ್ ಸೇರಿಸಿ. ಅದರಲ್ಲಿ ಸ್ಟ್ಯಾಟಿಕ್ ಅಸರ್ಟ್‌ಗಳನ್ನು ಬರೆಯಿರಿ: ಇಂಟ್ ಗಾತ್ರ, ಪಾಯಿಂಟರ್ ಗಾತ್ರ, ಚಾರ್‌ಗೆ ಎಷ್ಟು ಬಿಟ್, ಚಾರ್ ಸೈನ್ಡ್ ಹೌದೋ ಅಲ್ಲವೋ, ಮುಖ್ಯವಾದ ಪ್ಯಾಕ್ಡ್ ಸ್ಟ್ರಕ್ಟ್‌ಗಳ ಗಾತ್ರ. ಕಂಪೈಲರ್ ಸಿ11ಕ್ಕಿಂತ ಹಳೆಯದಾದರೆ ಸುಳ್ಳಾದಾಗ ನೆಗೆಟಿವ್ ಗಾತ್ರ ಬರುವ ಅರೇ ಟೈಪ್‌ಡೆಫ್ ಬಳಸಿ. ಈ ಫೈಲ್ ನಿಜವಾದ ಕಂಪೈಲರ್‌ನಲ್ಲೂ ಪಾಸಾಗಬೇಕು, ಟೂಲ್‌ನಲ್ಲೂ ಪಾಸಾಗಬೇಕು. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಫೇಲಾದರೆ ಎರಡೂ ಬೇರೆಬೇರೆ ಪ್ರೋಗ್ರಾಮ್ ಓದುತ್ತಿವೆ ಎಂದೇ ಅರ್ಥ.

ಆಮೇಲೆ ಎರರ್ ಬರುತ್ತಿದ್ದ ಪ್ರತಿ ಫೈಲಿನಲ್ಲೂ ತಾತ್ಕಾಲಿಕವಾಗಿ ಒಂದು ಸ್ಪಷ್ಟ ಬಗ್ ನೆಡಿ. ಸೊನ್ನೆಯಿಂದ ಭಾಗಿಸುವುದು, ಅರೇ ಗಡಿ ದಾಟುವುದು, ಇಂಥದ್ದು. ಇಂಟರಪ್ಟ್ ಫಂಕ್ಷನ್ ಒಳಗೊಂದು, ರಿಜಿಸ್ಟರ್ ನೋಡುವ ಇಫ್ ಒಳಗೊಂದು. ಟೂಲ್ ಹಿಡಿದರೆ ಆ ಜಾಗವನ್ನು ನಿಜಕ್ಕೂ ಓದುತ್ತಿದೆ. ಹಿಡಿಯದಿದ್ದರೆ ನಿಮ್ಮ ಯಾವುದೋ ಸ್ಟಬ್ ಅದರ ಕಣ್ಣು ಕಟ್ಟಿದೆ.

ಸ್ಟಬ್ ಹೆಡರ್, ಪ್ಲಾಟ್‌ಫಾರ್ಮ್ ಫೈಲ್, ಮ್ಯಾಕ್ರೋ ಪಟ್ಟಿ ಮೂರನ್ನೂ ಕೋಡ್ ಇರುವ ಗಿಟ್ ರೆಪೊದಲ್ಲೇ ಇಡಿ, ಯಾವ ಕಂಪೈಲರ್ ಆವೃತ್ತಿಯಿಂದ ತೆಗೆದದ್ದು ಎಂದು ಮೇಲೆ ಬರೆಯಿರಿ. ಕಂಪೈಲರ್ ಅಪ್‌ಗ್ರೇಡ್ ಆದ ದಿನ ಮ್ಯಾಕ್ರೋ ಪಟ್ಟಿಯನ್ನು ಮತ್ತೆ ತೆಗೆದು ಹಳೆಯದರ ಜೊತೆ ಡಿಫ್ ಮಾಡಿ. ಬದಲಾದ ಸಾಲುಗಳಿದ್ದರೆ ಸ್ಟಬ್‌ಗಳನ್ನು ಅವತ್ತೇ ತಿದ್ದಿ, ನೆಟ್ಟ ಬಗ್‌ಗಳ ಪರೀಕ್ಷೆಯನ್ನೂ ಇನ್ನೊಮ್ಮೆ ಓಡಿಸಿ.